ಓಗೊಡದ ಮಗ

ಡೈನೋಸಾರ್ ಎಲುಬುಗೂಡಿನ ಮುಂದೆ ಈಗಷ್ಟೇ ನಿಂತಿದ್ದ ಮಗ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಮಾಯವಾಗಿದ್ದ. "ಪುಟ್ಟಾ! ಪುಟ್ಟಾ!" ಎಂದು ಕೂಗುತ್ತ ಅಮ್ಮ ಹಾಲ್ ತುಂಬ ಓಡಾಡಿದಳು. ಮ್ಯೂಸಿಯಂ ಕಾವಲುಗಾರ ಮೈಕಿನಲ್ಲಿ ಹೆಸರು ಹಿಡಿದು ಕರೆದರೂ ಉತ್ತರವಿಲ್ಲ. "ಹೊರಗೆ ಹೋಗಿರ್ಬೇಕು ಮೇಡಂ," ಎಂದ. ಹೊರಗೆಂದರೆ ಲಾರಿಗಳು ಓಡುವ ದೊಡ್ಡ ರಸ್ತೆ. ಅವಳು ಬಾಗಿಲ ಕಡೆ ತಿರುಗಿದಳು.

ದೊಡ್ಡ ಮಗಳು ಕೈ ಜಗ್ಗಿದಳು. "ಅಮ್ಮಾ, ಅವನು ಬೆಳಿಗ್ಗೆಯಿಂದ ಡೈನೋಸಾರ್ ಆಗಿದಾನೆ. ಹೆಸರು ಕರೆದ್ರೆ ಎಲ್ಲಿ ಬರ್ತಾನೆ? ನೀನು ಗರ್ಜಿಸ್ಬೇಕು."

ಸುತ್ತಲೂ ಜನ. ಮನೆಯಲ್ಲೂ ದನಿ ಎತ್ತಿ ಗೊತ್ತಿಲ್ಲದ ಅವಳು ಕಣ್ಣು ಮುಚ್ಚಿ ಗರ್ಜಿಸಿದಳು. ಹಾಲ್‌ನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಉತ್ತರ ಬರಲಿಲ್ಲ. ಭಯವನ್ನೆಲ್ಲ ಒಟ್ಟುಗೂಡಿಸಿ, ಕತ್ತಿನ ನರ ಉಬ್ಬುವಂತೆ ಮತ್ತೊಮ್ಮೆ ಗರ್ಜಿಸಿದಳು.

ಮೂಲೆಯಲ್ಲಿದ್ದ ದೊಡ್ಡ ಮೊಟ್ಟೆಗಳ ಗೂಡಿನ ಹಿಂದಿನಿಂದ ಒಂದು ಪುಟಾಣಿ ಗರ್ಜನೆ ಕೇಳಿಸಿತು.