ಚಿಕ್ಕಪ್ಪನ ಬಾಸ್ ಗಿಟಾರ್

ಈಗಲೂ ರೇಷ್ಮೆಗೂಡು ಬೇಯುವ ವಾಸನೆ ಬಂದರೆ ಬೆಂಗಳೂರಿನ ಹತ್ತಿರದ ವಿಜಯಪುರದ ನಮ್ಮ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಎಪ್ಪತ್ತರ ದಶಕ. ನಾನಾಗ ಮೂರನೇ ಕ್ಲಾಸಿನ ಹುಡುಗಿ. ಚಿಕ್ಕಪ್ಪ ಬೆಂಗಳೂರಿನ ಹೋಟೆಲೊಂದರ ಜಾಜ್ ಬ್ಯಾಂಡಿನಲ್ಲಿ ಬಾಸ್ ಗಿಟಾರ್ ನುಡಿಸುತ್ತಿದ್ದ. ತಂತಿ ಒತ್ತಿ ಒತ್ತಿ ಒರಟಾಗಿದ್ದ ಅವನ ಬೆರಳ ತುದಿಗಳು ನನ್ನ ಕೆನ್ನೆ ಸವರಿದರೆ ತರಚುತ್ತಿದ್ದವು.

“ಇರೋದು ನಾಲ್ಕೇ ತಂತಿ, ಬರೀ ಗುಂಯ್ ಅನ್ನುತ್ತೆ. ಇದನ್ನ ಯಾರು ಕೇಳ್ತಾರೆ?” ಎಂದು ತಾತ ರೇಗುತ್ತಿದ್ದರು.

“ಅದು ನಿಂತ್ರೆ ಎಲ್ಲಾ ನಿಂತೋಗುತ್ತಪ್ಪಾ” ಎಂದು ಚಿಕ್ಕಪ್ಪ ನಗುತ್ತಿದ್ದ.

ಬೊಂಬಾಯಿಯ ದೊಡ್ಡ ಬ್ಯಾಂಡೊಂದು ಅವನನ್ನು ಕರೆಯಿತು. ಗಿಟಾರ್ ಸಮೇತ ಹೇಳಿಹೋಗಲು ಬಂದವನನ್ನು ತಾತ, ಆಳು ಬಂದಿಲ್ಲವೆಂದು, ರೇಷ್ಮೆ ನೂಲು ಹುರಿ ಮಾಡುವ ಯಂತ್ರದ ಮುಂದೆ ನಿಲ್ಲಿಸಿದರು. ಬೆಲ್ಟಿಗೆ ಸಿಕ್ಕಿ ಎಡಗೈಯ ಮೂರು ಬೆರಳು ಹೋದವು.

ಹತ್ತು ದಿನದ ಮೇಲೆ, ಆ ಮಧ್ಯಾಹ್ನ, ಅವನ ಜೊತೆ ಬೊಂಬಾಯಿಗೆ ಹೊರಟಿದ್ದ ಬ್ಯಾಂಡಿನ ಗೆಳೆಯ ಆಂಟನಿ ಹುಡುಕಿಕೊಂಡು ಬಂದ. ಚಿಕ್ಕಪ್ಪ ಕೈಯನ್ನು ಕಂಬಳಿಯೊಳಗೆ ಎಳೆದುಕೊಂಡ.

“ನಾಳೆ ರೈಲು ಗುರು, ಏಳು” ಎಂದ ಆಂಟನಿ.

“ನಾನು ಬರಲ್ಲ ಕಣೋ. ಅಪ್ಪಂಗೆ ವಯಸ್ಸಾಯ್ತು. ನಂಗೆ ಇಲ್ಲಿನ ಕೆಲಸಾನೇ ಸಾಕು.”

ಬಾಗಿಲಲ್ಲಿ ನಿಂತಿದ್ದ ತಾತ ಒಳಗೆ ಬಂದು ಕಂಬಳಿ ಸರಿಸಿದರು. “ಸುಳ್ಳು ಹೇಳ್ತಾವ್ನೆ ಕಣಪ್ಪಾ. ಮಷೀನ್ ಮುಂದೆ ನಿಲ್ಸಿದ್ದು ನಾನೇ.”

ಆಂಟನಿ ಪಕ್ಕದಲ್ಲಿ ಕೂತು ಆ ಕೈಯನ್ನು ಹಿಡಿದುಕೊಂಡ. ಚಿಕ್ಕಪ್ಪ ಮೂಲೆಯಲ್ಲಿದ್ದ ಗಿಟಾರನ್ನು ತೋರಿಸಿ, “ತಗೊಂಡೋಗು. ಅಲ್ಲಿ ಯಾರಾದ್ರೂ ನುಡಿಸ್ಲಿ” ಎಂದ.

ಬಸ್ ಸ್ಟ್ಯಾಂಡಿನವರೆಗೆ ಅದನ್ನು ತಾತನೇ ಹೆಗಲ ಮೇಲೆ ಹೊತ್ತುಕೊಂಡು ಹೋದರು.