ಗೀರಿಲ್ಲದ ಫಲಕ

ಪುಟ್ಟ ಉಪಗ್ರಹಕ್ಕೆಂದು ಮಾಡಿದ್ದ ಕಾರ್ಬನ್ ಫೈಬರ್ ಫಲಕ ಕಂಪನ ಪರೀಕ್ಷೆಯಲ್ಲಿ ಸೀಳಿಹೋಗಿ, ಈಗ ವಿಚಾರಣೆಯ ಮೇಜಿನ ಮೇಲೆ ಬಿದ್ದಿತ್ತು. ಅದನ್ನು ತಯಾರಿಸಿದ್ದ ಮೇದಿನಿಯತ್ತ ಸಮಿತಿಯವರು ಯಾರೂ ಕಣ್ಣೆತ್ತಿ ನೋಡುತ್ತಿರಲಿಲ್ಲ. ಜೋಡಣೆ ವಿಭಾಗದ ಮುಖ್ಯಸ್ಥರು ಮಾತ್ರ ಅವಳನ್ನು ನುಂಗುವಂತೆ ನೋಡುತ್ತಿದ್ದರು. ಜೀವಮಾನವಿಡೀ ಅಲ್ಯೂಮಿನಿಯಂ ಒಂದನ್ನೇ ನಂಬಿದವರು ಅವರು.

“ಬಟ್ಟೆಗೆ ಅಂಟು ಬಳಿದು ಆಕಾಶಕ್ಕೆ ಕಳಿಸ್ತೀನಿ ಅಂತ ಹೊರಟ್ರೆ ಇನ್ನೇನಾಗುತ್ತೆ? ಅಂಟು ಸರಿಯಾಗಿ ಹಿಡಿದಿಲ್ಲ, ಒಪ್ಕೊಂಡುಬಿಡಮ್ಮ.”

“ನನ್ನ ಕೈ ಬಿಡೋವಾಗ ಚೆನ್ನಾಗೇ ಇತ್ತು ಸರ್. ಇಡೀ ಫಲಕಾನ ತಟ್ಟಿ ನೋಡೇ ನಿಮ್ಮ ವಿಭಾಗಕ್ಕೆ ಕೊಟ್ಟಿದ್ದೆ.”

ಮೇದಿನಿ ಪರ್ಸಿನಿಂದ ನಾಣ್ಯ ತೆಗೆದು, ಅದರಿಂದ ಫಲಕವನ್ನು ಒಂದು ಅಂಚಿನಿಂದ ತಟ್ಟುತ್ತ ಬಂದಳು. ಟಣ್, ಟಣ್, ಟಣ್. ಸೀಳು ಶುರುವಾದ ಜಾಗದಲ್ಲಿ ಮಾತ್ರ ಥಪ್ ಎಂದಿತು.

“ಇಲ್ಲಿ ಒಳಗಿನ ಪದರ ಬಿಟ್ಟಿದೆ. ನಿಮ್ಮಲ್ಲಿಗೆ ಬಂದಮೇಲೆ ಇದಕ್ಕೇನೋ ಬಡಿದಿದೆ ಸರ್.”

“ಬಡಿದಿದ್ರೆ ತಗ್ಗು ಬೀಳ್ಬೇಕಿತ್ತಲ್ಲ? ತೋರಿಸು, ಎಲ್ಲಿದೆ ತಗ್ಗು?”

“ಇದು ಅಲ್ಯೂಮಿನಿಯಂ ಅಲ್ಲ. ಪೆಟ್ಟು ಬಿದ್ರೆ ಒಳಗೊಳಗೇ ಒಡೆಯುತ್ತೆ, ಮೇಲೆ ಏನೂ ಕಾಣಲ್ಲ. ಅದಿರಲಿ, ಜೋಡಿಸೋ ಮುಂಚೆ ನೀವು ಇದನ್ನ ಒಂದ್ಸಲ ನೋಡೋ ಕಷ್ಟಾನಾದ್ರೂ ತಗೊಂಡ್ರಾ?”

ಎಲ್ಲರೆದುರು ಕೇಳಿದ ಆ ಪ್ರಶ್ನೆಗೆ ಮುಖ್ಯಸ್ಥರ ಪಿತ್ತ ನೆತ್ತಿಗೇರಿತು. ಮೇಜು ಗುದ್ದಿ ಎದ್ದು ನಿಂತರು.

“ನಾನು ನೋಡಿಲ್ವಾ? ಕೈಯಾಡಿಸಿ ನೋಡಿದೀನಿ, ಒಂದು ಗೀರೂ ಇರಲಿಲ್ಲ! ಸ್ಪ್ಯಾನರ್ ಬಿದ್ದ ಕೂಡಲೇ ನೋಡಿದೀನಿ!”