ಎರಡನೆಯ ಆಟದ ಹೆಜ್ಜೆಸದ್ದು

ಹೊಸ ಹತ್ತಿ ಸೀರೆಯ ಗಂಜಿಯ ವಾಸನೆ ಮೂಗಿಗೆ ತಾಕಿದರೆ, ಪೆರಿಯನಾಯಕನಪಾಳ್ಯಂನ ನಮ್ಮ ಮನೆಯ ಆ ಮಧ್ಯಾಹ್ನ ಇಂದಿಗೂ ನನ್ನ ತಲೆ ತಗ್ಗಿಸುತ್ತದೆ.

ನಡುಮನೆಯ ಕುಣಿಯಲ್ಲಿ ಅಪ್ಪನ ಕೈಮಗ್ಗವಿತ್ತು; ಅದರ ಪಕ್ಕದಲ್ಲೇ ಹಳೆಯ ಕಂಪ್ಯೂಟರು. ಕಾವಲುಗಾರರ ಕಣ್ಣಿಗೆ ಬೀಳದೆ ಕತ್ತಲಲ್ಲಿ ನುಸುಳಿ ಕೋಟೆ ದಾಟುವ ಆಟವೊಂದನ್ನು ಅಣ್ಣನೂ ನಾನೂ ಅಮಾವಾಸ್ಯೆಯ ದಿನ ಆಡಿ ಮುಗಿಸಿದ್ದೆವು. ಅದರ ಎರಡನೆಯ ಭಾಗವನ್ನು ಅಪ್ಪನೇ ತುಡಿಯಲೂರಿನಿಂದ ತಂದುಕೊಟ್ಟಿದ್ದರು. ಆ ಮಧ್ಯಾಹ್ನ ಅವರು ಸಂಜೆಯೊಳಗೆ ವ್ಯಾಪಾರಿಗೆ ಒಪ್ಪಿಸಬೇಕಾದ ಸೀರೆಯನ್ನು ನೇಯುತ್ತಿದ್ದರು.

ಎರಡನೆಯದರಲ್ಲಿ ಚಿತ್ರಗಳು ನಯವಾಗಿದ್ದವು, ಅಡಗಲು ಮೂಲೆಗಳೂ ಹೆಚ್ಚಿದ್ದವು. ಆದರೂ ನಾನು ಪದೇ ಪದೇ ಸಿಕ್ಕಿಬೀಳುತ್ತಿದ್ದೆ.

"ಮೊದಲನೇದ್ರಲ್ಲಿ ಕಾವಲುಗಾರ ಹತ್ರ ಬಂದ್ರೆ ಹೆಜ್ಜೆ ಸದ್ದು ಕೇಳ್ತಿತ್ತು. ಇದ್ರಲ್ಲಿ ಸದ್ದೇ ಇಲ್ಲ. ಇದು ವೇಸ್ಟು," ಎಂದು ತೀರ್ಪಿತ್ತೆ.

"ಸುಮ್ನೆ ಆಡೇ, ಟೀಚರಮ್ಮ. ಆಟಕ್ಕೂ ಮಾರ್ಕು ಹಾಕ್ತಾಳೆ," ಎಂದು ಅಣ್ಣ ನಕ್ಕ.

ಪಕ್ಕದ ಮಗ್ಗದಲ್ಲಿ ಲಾಳಿಯ ಖಟಖಟ ಸದ್ದು ನಿಂತಿತು. ಒಡನೆಯೇ ಪರದೆಯ ಕತ್ತಲಿನಿಂದ ಬೂಟಿನ ಸದ್ದು ಸ್ಪಷ್ಟವಾಗಿ ಕೇಳಿಬಂತು. ಅಮಾವಾಸ್ಯೆಯಂದು ನಮ್ಮವರಾರೂ ಮಗ್ಗಕ್ಕೆ ಇಳಿಯುವುದಿಲ್ಲ. ಮೊದಲ ಆಟವನ್ನು ನಾವು ಆಡಿದ್ದು ಆ ನಿಶ್ಶಬ್ದದಲ್ಲಿ ಎಂಬುದು ನನಗೆ ಹೊಳೆದದ್ದು ಆಗಲೇ.

ಅಪ್ಪ ಕುಣಿಯಲ್ಲಿ ಕಾಲು ಇಳಿಬಿಟ್ಟುಕೊಂಡೇ ಕುಳಿತಿದ್ದರು. ಗಂಜಿ ಒಣಗಿದ ಕೈಗಳು ಮಡಿಲಲ್ಲಿದ್ದವು.

"ಈಗ ಕೇಳ್ತದಾ, ಕಣ್ಣು?" ಎಂದು ಮುದ್ದಿನಿಂದ ಕೇಳಿದರು.

"ಕೇಳ್ತದೆ," ಎಂದೆ, ತಿರುಗಿ ನೋಡದೆ.

"ಹಾಗಾದ್ರೆ ಇದೂ ಚೆನ್ನಾಗಿದೆ ತಾನೆ? ಆಡು."

ವ್ಯಾಪಾರಿಯ ಸೀರೆ ಮುಗಿಯದೆ ಮಗ್ಗದಲ್ಲೇ ಉಳಿಯಿತು; ಅಮ್ಮ ದೀಪ ಹಚ್ಚುವವರೆಗೂ ಆ ಮನೆಯಲ್ಲಿ ಕಾವಲುಗಾರರ ಹೆಜ್ಜೆಸದ್ದೊಂದೇ ಕೇಳುತ್ತಿತ್ತು.